ನೋಡದೆ ಕೊಟ್ಟ ಬ್ರೇಕ್ ಹೋಸ್

ಉಡುಪಿಯ ಬನ್ನಂಜೆಯಲ್ಲಿ ನನ್ನದೊಂದು ಸಣ್ಣ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಜಪಾನಿನ ಒಂದೇ ಒಂದು ಕಂಪನಿಯ ಕಾರುಗಳಿಗೆ ಬೇಕಾದದ್ದನ್ನು ಮಾತ್ರ ಇಡುತ್ತೇನೆ. ಬೇರೆ ಕಾರಿನದ್ದು ಕೇಳಿಕೊಂಡು ಬಂದವರನ್ನು ಎದುರಿನ ಅಂಗಡಿಗೆ ಕಳುಹಿಸುತ್ತೇನೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಅವರ ಏಜೆಂಟನಲ್ಲ, ನಾನೊಬ್ಬ ಇದ್ದೇನೆ ಎಂಬುದೂ ಅವರಿಗೆ ಗೊತ್ತಿಲ್ಲ. ಆದರೆ ಮಸ್ಕತ್ತಿನಲ್ಲಿ ಅವರ ಬಿಡಿಭಾಗಗಳ ಕೌಂಟರಿನ ಹಿಂದೆ ಇಪ್ಪತ್ತೆರಡು ವರ್ಷ ನಿಂತು ಊರಿಗೆ ಬಂದವನಿಗೆ ಇನ್ನೊಂದು ಕಂಪನಿಯ ಪೆಟ್ಟಿಗೆ ಮುಟ್ಟಲು ಮನಸ್ಸು ಬರುವುದಿಲ್ಲ. ಇಷ್ಟೆಲ್ಲ ಹೇಳುವ ನನ್ನ ಹತ್ತಿರ ಕಾರಿಲ್ಲ ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ಇರುವುದು ಸ್ಕೂಟರ್. ನನ್ನ ಹೆಂಡತಿ ಈ ವಿಷಯವನ್ನು ನೆಂಟರ ಎದುರು ಎತ್ತಿ ನಗುವುದುಂಟು.

ಈ ಕಂಪನಿಯ ಪ್ರತಿಯೊಂದು ವಸ್ತುವಿಗೂ ಒಂದು ನಂಬರ್ ಇರುತ್ತದೆ, ಬೆರಳ ತುದಿಯಲ್ಲಿ ನಿಲ್ಲುವ ವಾಷರಿಗೂ ಸಹ. ಮೊದಲ ಐದು ಅಂಕಿಗಳು ಅದು ಯಾವ ವಸ್ತು ಎಂದು ಹೇಳುತ್ತವೆ, ಮುಂದಿನ ಐದು ಅದು ಯಾವ ಗಾಡಿಗೆ ಎಂದು. ಆ ವಸ್ತುವನ್ನು ಎಲ್ಲಿಯಾದರೂ ಸ್ವಲ್ಪ ತಿದ್ದಿದರೆ ಕೊನೆಯ ಅಂಕಿ ಬದಲಾಗುತ್ತದೆ. ಹಾಗಾಗಿ ತಾಳ್ಮೆ ಇದ್ದವನಿಗೆ ಆ ದಪ್ಪ ಪುಸ್ತಕದಲ್ಲಿ ಇಡೀ ಕಂಪನಿಯ ಚರಿತ್ರೆ ಸಿಗುತ್ತದೆ. ಇಲ್ಲಿ ಒಂದು ರಬ್ಬರ್ ಬೇಗ ಸವೆಯುತ್ತಿತ್ತು, ಗಟ್ಟಿ ಮಾಡಿದರು. ಅಲ್ಲಿ ಒಂದು ಬೋಲ್ಟು ಕೈಗೆ ಸಿಗುತ್ತಿರಲಿಲ್ಲ, ಅರ್ಧ ಇಂಚು ಈಚೆ ತಂದರು. ತಾನು ಮಾಡಿದ ಕೆಲಸವನ್ನು ತಾನೇ ಹೀಗೆ ದಿನವೂ ತಿದ್ದಿಕೊಳ್ಳುತ್ತ ಕೂರುವವರನ್ನು ನಾನು ಬೇರೆ ಎಲ್ಲಿಯೂ ಕಂಡಿರಲಿಲ್ಲ. ಜನ ಕಾರಿನ ಬಣ್ಣ ನೋಡಿ, ಮೈಲೇಜು ಕೇಳಿ ಮರುಳಾಗುತ್ತಾರೆ. ನಾನು ಮರುಳಾದದ್ದು ಆ ಕೊನೆಯ ಅಂಕಿಗೆ.

ಮರುಳಾದವನು ಸುಮ್ಮನಿರಬೇಕಿತ್ತು, ಬಾಯಿಪಾಠ ಮಾಡಿದೆ. ನಾಲ್ಕೈದು ವರ್ಷಗಳಲ್ಲಿ ಹೆಚ್ಚು ಓಡುವ ಮಾಲಿನ ನಂಬರುಗಳೆಲ್ಲ ನಾಲಗೆಯ ಮೇಲೆ ಬಂದವು. ಮರುಭೂಮಿಯಲ್ಲಿ ಓಡುವ ಪಿಕಪ್ಪುಗಳ ಮಾಲೀಕರು, ಗಡ್ಡದ ಹಿರಿಯರು, ಕೌಂಟರಿಗೆ ಬಂದು ಗಾಡಿಯ ಹೆಸರು ಹೇಳುವುದರೊಳಗೆ ನಾನು ಪುಸ್ತಕ ತೆರೆಯದೆ ನಂಬರ್ ಹೇಳುತ್ತಿದ್ದೆ. ಅವರು ಹುಬ್ಬೇರಿಸುತ್ತಿದ್ದರು. ನನಗೆ ಅದೇ ಸಂಬಳ.

ವರ್ಷಕ್ಕೊಮ್ಮೆ ಜಪಾನಿನಿಂದ ಒಬ್ಬರು ಮೇಷ್ಟ್ರು ಬರುತ್ತಿದ್ದರು. ಗಿಡ್ಡನೆಯ, ವಯಸ್ಸಾದ ಮನುಷ್ಯ. ಅವರು ಹೇಳಿದ್ದನ್ನು ಇನ್ನೊಬ್ಬ ಇಂಗ್ಲಿಷಿಗೆ ಮಾಡಿ ನಮಗೆ ಹೇಳುತ್ತಿದ್ದ. ಮೊದಲ ಸಲ ಬಂದಾಗ ಉಗ್ರಾಣದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದು ನನ್ನನ್ನು ಅದರೊಳಗೆ ನಿಲ್ಲಿಸಿ ಹೊರಟುಹೋದರು. ಒಂದು ಗಂಟೆ ಬಿಟ್ಟು ಬಂದು ಏನು ನೋಡಿದೆ ಎಂದು ಕೇಳಿದರು. ಪೆಟ್ಟಿಗೆಗಳು ಎಂದೆ. ಇನ್ನೊಂದು ಗಂಟೆ ನಿಲ್ಲು ಎಂದರು. ಶಾಲೆಯಲ್ಲಿ ಬೆಂಚಿನ ಮೇಲೆ ನಿಂತದ್ದುಂಟು, ಆದರೆ ಮೂವತ್ತು ದಾಟಿದ ಮೇಲೆ ವೃತ್ತದಲ್ಲಿ ನಿಲ್ಲುವ ಅವಮಾನ ಬೇರೆಯೇ. ಎರಡನೆಯ ಗಂಟೆಯಲ್ಲಿ ಮಾತ್ರ ನನಗೊಂದು ಕಂಡಿತು. ಹೆಚ್ಚು ಬೇಕಾಗುವ ಫಿಲ್ಟರುಗಳನ್ನು ನಾವು ಮೇಲಿನ ಹಲಗೆಯಲ್ಲಿ ಇಟ್ಟಿದ್ದೆವು, ಅದಕ್ಕಾಗಿ ನಮ್ಮ ಹುಡುಗರು ದಿನಕ್ಕೆ ನೂರು ಸಲ ಏಣಿ ಹತ್ತುತ್ತಿದ್ದರು. ಹೇಳಿದಾಗ ಮೇಷ್ಟ್ರು ತಲೆಯಾಡಿಸಿದರು, ಅಷ್ಟೆ.

ಕಂಪನಿಯ ಹಳೆಯ ಕಥೆಗಳನ್ನು ಹೇಳಿದ್ದೂ ಅವರೇ. ಈ ಕಾರಿನವರು ಮೊದಲು ಮಗ್ಗ ಮಾಡುತ್ತಿದ್ದರಂತೆ. ಒಂದು ನೂಲು ಕಡಿದರೂ ತಾನಾಗಿ ನಿಂತುಬಿಡುವ ಮಗ್ಗ. ನೂಲು ಕಡಿದದ್ದು ಗೊತ್ತಾಗದೆ ನೇಯುತ್ತ ಹೋದರೆ ಬಟ್ಟೆ ಪೂರ್ತಿ ಹಾಳು, ಅದಕ್ಕಾಗಿ. ಆ ಮಗ್ಗದ ಹಕ್ಕನ್ನು ಹೊರದೇಶದವರಿಗೆ ಮಾರಿ, ಮಗ್ಗ ಮಾಡಿದವನ ಮಗ ಕಾರಿನ ಕೆಲಸಕ್ಕೆ ಕೈಹಾಕಿದನಂತೆ. ಮೊದಲು ಮಾಡಿದ ಲಾರಿಗಳು ದಾರಿಯಲ್ಲಿ ಕೆಟ್ಟು ನಿಲ್ಲುತ್ತಿದ್ದವು. ಆಗ ಮಾರಿದವರೇ ಹುಡುಕಿಕೊಂಡು ಹೋಗಿ ರಸ್ತೆಬದಿಯಲ್ಲಿ ರಿಪೇರಿ ಮಾಡಿ ಬರುತ್ತಿದ್ದರಂತೆ. ಈಗಲೂ ಅವರ ಕಾರ್ಖಾನೆಯಲ್ಲಿ ಒಂದು ಹಗ್ಗ ಇರುತ್ತದೆ, ಕೆಲಸದಲ್ಲಿ ಎಡವಟ್ಟು ಕಂಡರೆ ಯಾರು ಬೇಕಾದರೂ ಅದನ್ನು ಎಳೆದು ಕೆಲಸ ನಿಲ್ಲಿಸಬಹುದು, ಎಷ್ಟು ಕೆಳಗಿನ ಕೆಲಸದವನಾದರೂ. ಬೇಕಾದಾಗ ಬೇಕಾದಷ್ಟೇ ತಯಾರಿಸಬೇಕು, ಮಾಡಿ ರಾಶಿ ಹಾಕಬಾರದು ಎಂಬುದನ್ನು ಅವರು ಅಮೆರಿಕದ ದಿನಸಿ ಅಂಗಡಿಗಳಿಂದ ಕಲಿತರು ಎಂದು ಮೇಷ್ಟ್ರು ಬಹಳ ಗಂಭೀರವಾಗಿ ಹೇಳಿದರು. ನನಗೆ ನಗು ಬಂತು. ಗಿರಾಕಿ ಕೂತ ಮೇಲೆ ದೋಸೆ ಹೊಯ್ಯುವುದನ್ನು ನಮ್ಮ ಉಡುಪಿಯವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಒಂದು ಸಲ ಮೇಷ್ಟ್ರ ಎದುರು ನನ್ನ ವಿದ್ಯೆ ತೋರಿಸುವ ಅವಕಾಶ ಸಿಕ್ಕಿತು. ಮ್ಯಾನೇಜರರು ಹತ್ತು ವಸ್ತುಗಳ ಹೆಸರು ಹೇಳಿದರು, ನಾನು ಹತ್ತರ ನಂಬರನ್ನೂ ನೋಡದೆ ಹೇಳಿದೆ. ಎಲ್ಲರೂ ಚಪ್ಪಾಳೆ ಹೊಡೆದರು. ಮೇಷ್ಟ್ರು ಹೊಡೆಯಲಿಲ್ಲ. ಈಗ ಒಮ್ಮೆ ಪುಸ್ತಕ ನೋಡಿ ಹೇಳು ಎಂದರು. ಹತ್ತೂ ಸರಿಯಾಗಿತ್ತು. ಸರಿಯಾಗಿದ್ದರೂ ಈ ಮುದುಕನಿಗೆ ತೃಪ್ತಿಯಿಲ್ಲವಲ್ಲ ಎಂದು ನನಗೆ ಉರಿದುಹೋಯಿತು. ರಾತ್ರಿ ರೂಮಿನಲ್ಲಿ ಗೆಳೆಯರ ಎದುರು ಅವರ ನಡಿಗೆಯನ್ನು ಅಣಕಿಸಿ ತೋರಿಸಿದೆ.

ಇದೆಲ್ಲ ಯಾಕೆ ಹೇಳಿದೆನೆಂದರೆ, ಕಳೆದ ವರ್ಷ ಮಳೆ ನಿಂತ ಮೇಲೆ ಒಂದು ದಿನ ಬೆಳಿಗ್ಗೆ ಅಂಗಡಿ ತೆರೆದು ದೀಪ ಹಚ್ಚುವಷ್ಟರಲ್ಲಿ ಒಬ್ಬ ಗಿರಾಕಿ ಬಂದ. ಮೂವತ್ತೈದರ ಆಸುಪಾಸಿನವನು, ಉಗುರಿನ ಸಂದಿಯಲ್ಲಿ ಸಿಮೆಂಟು. ಮಾತು ಕೇಳಿದೊಡನೆ ಘಟ್ಟದ ಮೇಲಿನ, ಬಡಗಣ ಸೀಮೆಯವನೆಂದು ಗೊತ್ತಾಯಿತು. ರಾಣೆಬೆನ್ನೂರಿನ ಹತ್ತಿರದ ಊರು, ಕಾಪುವಿನಲ್ಲಿ ರೂಮು, ಗಾರೆ ಕೆಲಸದ ಮೇಸ್ತ್ರಿ. ಹಳೆಯದೊಂದು ಎಂಟು ಸೀಟಿನ ಗಾಡಿ ತೆಗೆದುಕೊಂಡಿದ್ದ, ನನ್ನ ಕಂಪನಿಯದ್ದೇ. ಒಂದು ಕಾಲದಲ್ಲಿ ನಮ್ಮ ಕರಾವಳಿಯ ಟ್ಯಾಕ್ಸಿಗಳೆಲ್ಲ ಅದೇ ಆಗಿದ್ದವು. ಗಲ್ಫಿನಿಂದ ಬಂದವರನ್ನು ವಿಮಾನ ನಿಲ್ದಾಣದಿಂದ ಪೆಟ್ಟಿಗೆ ಸಮೇತ ತಂದು ಮನೆಯಂಗಳದಲ್ಲಿ ಇಳಿಸಿದ ಗಾಡಿಗಳು. ಎಷ್ಟು ಓಡಿಸಿದರೂ ಸಾಯುವುದಿಲ್ಲ, ಐದನೆಯ ಮಾಲೀಕನ ಕೈಯಲ್ಲೂ ಮೊದಲನೆಯವನ ಕೈಯಲ್ಲಿ ಇದ್ದ ಹಾಗೇ ಇರುತ್ತವೆ.

"ಅಣ್ಣಾರ, ಮುಂದಿನ ಗಾಲಿ ಬ್ರೇಕಿನ ಪೈಪ್ ಬೇಕಿತ್ರೀ. ಗಾಡಿ ಉಚ್ಚಿಲದಾಗ ಮೆಕ್ಯಾನಿಕ್ ಕಡೆ ಬಿಚ್ಚಿ ನಿಂತೈತಿ, ಬಸ್ಸಿಗೆ ಬಂದೀನಿ. ಹಳೇದು ತಂದೀನ್ರಿ, ಸ್ವಲ್ಪ ನೋಡ್ರಿ" ಎಂದು ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣವನ್ನು ಕೌಂಟರಿನ ಮೇಲೆ ಇಟ್ಟ.

ಚಕ್ರದ ಬ್ರೇಕಿಗೆ ಎಣ್ಣೆ ಹೋಗುವ ರಬ್ಬರಿನ ಕೊಳವೆ ಅದು, ನಾವು ಬ್ರೇಕ್ ಹೋಸ್ ಎನ್ನುತ್ತೇವೆ. ನಾನು ಪೊಟ್ಟಣ ಬಿಚ್ಚಲಿಲ್ಲ. "ಅದನ್ನು ನೋಡ್ಲಿಕ್ಕೆ ಎಂತ ಉಂಟು ಮಾರಾಯ್ರೆ? ನಂಬರ್ ನನಗೆ ಬಾಯಲ್ಲೇ ಉಂಟು" ಎಂದೆ. ಹತ್ತು ಅಂಕಿಗಳನ್ನೂ ಒಂದೇ ಉಸಿರಿಗೆ ಹೇಳಿದೆ. ಅವನು ಹುಬ್ಬೇರಿಸಿದ. ನನಗೆ ಖುಷಿಯಾಯಿತು. ಹಿಂದಿನ ಹಲಗೆಯಿಂದ ಪೆಟ್ಟಿಗೆ ತೆಗೆದು ಕೊಟ್ಟೆ.

ಅವನು ಅದನ್ನು ಜೋಪಾನವಾಗಿ ಚೀಲಕ್ಕೆ ಹಾಕಿಕೊಂಡ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಇವತ್ತೇ ಊರಿಗೆ ಹೊರಟಿದ್ದೇನೆ, ಕಾರ್ಕಳದಲ್ಲಿ ಕೆಲಸಕ್ಕಿರುವ ಭಾವನ ಮನೆಯವರನ್ನು ಹತ್ತಿಸಿಕೊಂಡು ಆಗುಂಬೆ ಘಾಟಿ ಹತ್ತಬೇಕು, ಅದಕ್ಕೆ ಮೊದಲು ಬ್ರೇಕ್ ಸರಿ ಮಾಡಿಸಿಕೊಳ್ಳೋಣ ಅಂತ ಎಂದು ಹೇಳಿದ. ಘಾಟಿಗೆ ಮೊದಲು ಬ್ರೇಕ್ ನೋಡಿಸುವವರು ಬುದ್ಧಿವಂತರು ಎಂದು ನಾನು ಹೊಗಳಿದೆ. ಹೋದ. ಪೊಟ್ಟಣ ಕೌಂಟರಿನ ಮೇಲೆಯೇ ಉಳಿಯಿತು.

ಹನ್ನೊಂದು ಗಂಟೆಯ ಹೊತ್ತಿಗೆ ಕೌಂಟರ್ ಒರೆಸುವಾಗ ಆ ಪೊಟ್ಟಣ ಕೈಗೆ ಬಂತು. ಗುಜರಿ ಡಬ್ಬಕ್ಕೆ ಹಾಕಲೆಂದು ಬಿಚ್ಚಿದೆ. ಬಿರುಕು ಬಿಟ್ಟ ಹಳೆಯ ಹೋಸ್. ಉದ್ದ ಯಾಕೋ ಹೆಚ್ಚೆನಿಸಿತು. ಹಲಗೆಯಿಂದ ಅವನಿಗೆ ಕೊಟ್ಟಂಥದ್ದೇ ಇನ್ನೊಂದನ್ನು ತೆಗೆದು ಪಕ್ಕದಲ್ಲಿಟ್ಟೆ. ಹಳೆಯದು ಎರಡು ಬೆರಳಿನಷ್ಟು ಹೆಚ್ಚು ಉದ್ದ ಇತ್ತು.

ತಪ್ಪು ಆಗಲೇ ಅರ್ಥವಾಯಿತು. ಆ ಗಾಡಿ ಮೊದಲು ಬಂದಾಗ ಒಂದು ಅಳತೆಯ ಹೋಸ್ ಇತ್ತು, ಆಮೇಲೆ ಬಂದವುಗಳಿಗೆ ಉದ್ದದ್ದು. ಕೊನೆಯ ಅಂಕಿ ಬೇರೆ. ನಾನು ಗಾಡಿಯ ಹೆಸರು ಕೇಳಿದ್ದೆ, ಯಾವ ವರ್ಷದ್ದೆಂದು ಕೇಳಿರಲಿಲ್ಲ, ಚಾಸಿಸ್ ನಂಬರ್ ಕೇಳಿರಲಿಲ್ಲ. ಎದುರಿಗೇ ತಂದಿಟ್ಟ ಹಳೆಯ ವಸ್ತುವನ್ನು ಬಿಚ್ಚಿ ನೋಡಿರಲಿಲ್ಲ. ಗಿಡ್ಡ ಹೋಸನ್ನು ಜೋಡಿಸಿದರೆ ಕೂರುತ್ತದೆ, ನೇರ ರಸ್ತೆಯಲ್ಲಿ ಏನೂ ಆಗುವುದಿಲ್ಲ. ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿದಾಗ ಚಕ್ರದ ಜೊತೆ ಹೋಸ್ ಎಳೆಯುತ್ತದೆ. ಎಳೆದೆಳೆದು ಒಂದು ಸಲ ಹರಿಯುತ್ತದೆ, ಎಣ್ಣೆ ಚೆಲ್ಲುತ್ತದೆ, ಬ್ರೇಕ್ ಹೋಗುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಬೇಕಾಗುವುದು ಎಲ್ಲಿ? ಆಗುಂಬೆಯ ತಿರುವುಗಳಲ್ಲಿ. ನಾನು ಕುಟುಂಬ ಸಮೇತ ಘಾಟಿ ಹತ್ತುವವನಿಗೆ, ಘಾಟಿಯಲ್ಲೇ ಹರಿಯುವ ವಸ್ತುವನ್ನು ಕೊಟ್ಟು, ಬುದ್ಧಿವಂತ ಎಂದು ಹೊಗಳಿ ಕಳುಹಿಸಿದ್ದೆ.

ಅವನ ಹೆಸರು ಗೊತ್ತಿಲ್ಲ, ಫೋನ್ ನಂಬರ್ ಗೊತ್ತಿಲ್ಲ. ಆ ಕಂಪನಿ ಎಲ್ಲಿಯಾದರೂ ತಪ್ಪಾಗಿದೆ ಎಂದು ಕಂಡರೆ ಗಾಡಿಗಳನ್ನು ವಾಪಸು ಕರೆಯುವುದನ್ನು ಮಸ್ಕತ್ತಿನಲ್ಲಿ ಎಷ್ಟೋ ಸಲ ನೋಡಿದ್ದೆ. ನಂಬರ್ ಹಿಡಿದು ಒಬ್ಬೊಬ್ಬ ಮಾಲೀಕನನ್ನೂ ಹುಡುಕಿ, ಬನ್ನಿ, ನಮ್ಮಿಂದ ತಪ್ಪಾಗಿದೆ, ನಾವೇ ಸರಿ ಮಾಡಿ ಕೊಡುತ್ತೇವೆ ಎನ್ನುತ್ತಿದ್ದರು. ನನಗೆ ನಂಬರುಗಳ ಮೇಲೆ ಅಷ್ಟು ಪ್ರೀತಿ, ಆದರೆ ಬೇಕಾದ ಒಂದು ನಂಬರ್ ಮಾತ್ರ ನನ್ನ ಹತ್ತಿರ ಇರಲಿಲ್ಲ.

ಉಚ್ಚಿಲದಲ್ಲಿ ನನಗೆ ಗೊತ್ತಿರುವ ಮೆಕ್ಯಾನಿಕರು ಇಬ್ಬರು. ಮೊದಲನೆಯವನಿಗೆ ಫೋನ್ ಮಾಡಿದೆ, ಅಲ್ಲ ಎಂದ. ಎರಡನೆಯವನು, "ಹೌದು, ನಾನೇ ಹಾಕಿ ಕೊಟ್ಟದ್ದು. ಆಗಲೇ ಹೋದರಲ್ಲ, ಪಡುಬಿದ್ರಿ ಕಡೆಗೆ. ಎಂತ ಆಯ್ತು?" ಎಂದ.

"ಸ್ಟಿಯರಿಂಗ್ ತಿರುಗಿಸಿ ನೋಡಿದ್ರಾ?"

"ಇಲ್ಲ. ಸ್ವಲ್ಪ ಬಿಗಿ ಕಂಡಿತು ಮಾರಾಯ್ರೆ. ಆದರೆ ನಿಮ್ಮ ಅಂಗಡಿಯ ಮಾಲು ಅಲ್ವಾ? ಸರಿಯೇ ಇರ್ತದೆ ಅಂತ ಬಿಟ್ಟೆ."

ಈ ಒಂದು ಮಾತು ನನಗೆ ತಾಗಿದ ಹಾಗೆ ಬೇರೆ ಯಾವ ಬೈಗುಳವೂ ತಾಗುತ್ತಿರಲಿಲ್ಲ. ಯಾರೋ ಗುರುತಿಲ್ಲದ ಅಂಗಡಿಯಿಂದ ತಂದದ್ದಾಗಿದ್ದರೆ ಅವನು ತಿರುಗಿಸಿ ನೋಡುತ್ತಿದ್ದ.

ಗಿರಾಕಿಯ ನಂಬರ್ ಅವನ ಹತ್ತಿರವೂ ಇರಲಿಲ್ಲ. ಕಾರ್ಕಳದಲ್ಲಿ ಆನೆಕೆರೆಯ ಹತ್ತಿರ ಕಟ್ಟುತ್ತಿರುವ ಒಂದು ಮನೆಗೆ ಹೋಗುವ ಮಾತಾಡುತ್ತಿದ್ದ ಎಂದಷ್ಟೇ ಹೇಳಿದ. ನಾನು ಉದ್ದದ ಹೋಸ್, ಬ್ರೇಕ್ ಆಯಿಲಿನ ಡಬ್ಬ, ನಾಲ್ಕು ಸ್ಪ್ಯಾನರುಗಳನ್ನು ಸ್ಕೂಟರಿನ ಡಿಕ್ಕಿಗೆ ತುರುಕಿ ಶಟರ್ ಎಳೆದೆ. ಬೀಗ ಹಾಕಿದೆನೋ ಇಲ್ಲವೋ ಎಂಬುದು ಮಣಿಪಾಲ ಮುಟ್ಟುವವರೆಗೂ ತಲೆಯಲ್ಲಿ ಕೊರೆಯುತ್ತಿತ್ತು. ಆಮೇಲೆ ಹಾಳಾಗಿ ಹೋಗಲಿ ಎಂದು ಬಿಟ್ಟೆ.

ಮಣಿಪಾಲದ ಸಿಗ್ನಲಿನಲ್ಲಿ ನಿಂತಾಗ ಉಚ್ಚಿಲದ ಮಹಾಲಕ್ಷ್ಮಿಗೆ ಒಂದು ಹರಕೆ ಹೇಳಿಕೊಂಡೆ. ಹೋಸ್ ಜೋಡಿಸಿದ್ದು ಅಲ್ಲೇ ಅಲ್ಲವೇ, ಅವಳ ಕಣ್ಣಿಗೆ ಬಿದ್ದಿರಬಹುದು. ಪರ್ಕಳದ ಇಳಿಜಾರಿನಲ್ಲಿ ಅಂಬಲಪಾಡಿಯ ದೇವರಿಗೂ ಒಂದು ಹೇಳಿಕೊಂಡೆ. ದಿನಾ ಆ ದೇವಸ್ಥಾನದ ಎದುರಿನಿಂದಲೇ ಓಡಾಡುವವನು ಅವರನ್ನು ಬಿಟ್ಟರೆ ಸರಿಯಾಗುವುದಿಲ್ಲ.

ಹಿರಿಯಡ್ಕದಲ್ಲಿ ರಸ್ತೆ ಎರಡಾಗುತ್ತದೆ. ನೇರ ಹೋದರೆ ಹೆಬ್ರಿ, ಅಲ್ಲಿಂದ ಘಾಟಿಯ ಬುಡ. ಬಲಕ್ಕೆ ತಿರುಗಿದರೆ ಬೈಲೂರಿನ ಮೇಲೆ ಕಾರ್ಕಳ. ಸ್ಕೂಟರ್ ನಿಲ್ಲಿಸಿದೆ. ಹೆಬ್ರಿಗೆ ಹೋಗಿ ಕಾದರೆ ಅವರು ನನ್ನ ಎದುರಿನಿಂದಲೇ ಹಾದುಹೋಗಬೇಕು. ಆದರೆ ಬರುವ ದಾರಿಯಲ್ಲಿ ತಿರುವುಗಳಿಲ್ಲವೇ? ಕಾರ್ಕಳದ ಗಲ್ಲಿಯೊಂದರಲ್ಲಿ ಗಾಡಿ ತಿರುಗಿಸುವಾಗಲೇ ಹೋಸ್ ಹರಿದರೆ? ಎಲ್ಲೋ ದೂರದಲ್ಲಿ ನಿಂತು ಲೆಕ್ಕ ಹಾಕುವ ಬುದ್ಧಿಯಿಂದಲೇ ಇಷ್ಟಾಗಿದೆ, ಹೋಗಿ ಕಣ್ಣಿನಲ್ಲಿ ನೋಡುವುದೇ ಸರಿ ಎನಿಸಿತು. ಬಲಕ್ಕೆ ತಿರುಗಿದೆ.

ಇನ್ನೊಂದು ವಿಷಯವನ್ನು ಮುಚ್ಚಿಡಬಾರದು. ಬೈಲೂರು ದಾಟುವಷ್ಟರಲ್ಲಿ ನಾನು ಒಂದು ಸುಳ್ಳನ್ನು ತಯಾರು ಮಾಡಿಕೊಂಡಿದ್ದೆ. "ಕಂಪನಿಯವರು ಆ ಲಾಟಿನ ಮಾಲನ್ನು ವಾಪಸು ಕರೆದಿದ್ದಾರೆ, ನಾನು ಒಳ್ಳೆಯದಕ್ಕೆ ನಿಮ್ಮನ್ನು ಹುಡುಕಿಕೊಂಡು ಬಂದೆ" ಎಂದು ಹೇಳುವುದು. ಚೆನ್ನಾಗಿ ಕೂರುತ್ತಿತ್ತು. ತಪ್ಪು ಜಪಾನಿನದ್ದಾಗುತ್ತಿತ್ತು, ನಾನು ಮಹಾ ಉಪಕಾರಿಯಾಗುತ್ತಿದ್ದೆ. ಇಪ್ಪತ್ತೆರಡು ವರ್ಷ ಅನ್ನ ಹಾಕಿದವರ ತಲೆಗೆ ನನ್ನ ಅಹಂಕಾರವನ್ನು ಕಟ್ಟಲು ನನಗೆ ಆ ಹೊತ್ತಿನಲ್ಲಿ ನಾಚಿಕೆಯೂ ಆಗಲಿಲ್ಲ. ಹೇಳುವ ಧಾಟಿಯನ್ನೂ ಎರಡು ಸಲ ಹೆಲ್ಮೆಟಿನೊಳಗೆ ಅಭ್ಯಾಸ ಮಾಡಿದೆ.

ಆನೆಕೆರೆಯ ಹತ್ತಿರ ಕಟ್ಟುವ ಮನೆಗಳು ಮೂರು ಇದ್ದವು. ಮೂರನೆಯದರಲ್ಲಿ ಮರಳು ಜರಡಿ ಹಿಡಿಯುತ್ತಿದ್ದ ಒಬ್ಬ ಹೆಂಗಸು ಕೈ ನಿಲ್ಲಿಸಿ, "ಅವ್ರು ಹೋದ್ರಲ್ರೀ. ಈಗ, ಒಂದ್ ಹತ್ತು ನಿಮಿಷ ಆತು" ಎಂದಳು. ಗೇಟಿನ ಎದುರು ಇಕ್ಕಟ್ಟಿನ ಜಾಗದಲ್ಲಿ ಗಾಡಿಯನ್ನು ಹಿಂದೆ ಮುಂದೆ ಮಾಡಿ ತಿರುಗಿಸಿದ ಟೈರಿನ ಗುರುತುಗಳಿದ್ದವು. ಪೂರ್ತಿ ತಿರುಗಿಸಿದ್ದಾನೆ, ಅದೂ ಮೂರು ಸಲ. ನಾನು ನೆಲಕ್ಕೆ ಬಗ್ಗಿ ಕೈಯಿಂದ ಮಣ್ಣು ಮುಟ್ಟಿ ನೋಡಿದೆ. ಎಣ್ಣೆ ಬಿದ್ದಿರಲಿಲ್ಲ. ಆ ಹೆಂಗಸು ನನಗೆ ಎಂತ ಆಗಿದೆಯೆಂದು ತಿಳಿಯದೆ ನೀರಿನ ಚೊಂಬು ತಂದು ಹಿಡಿದಳು.

ಅವಳ ಹತ್ತಿರ ಮೇಸ್ತ್ರಿಯ ನಂಬರ್ ಇತ್ತು. ಫೋನ್ ಮಾಡಿದೆ. ರಿಂಗಾಗುತ್ತದೆ, ಎತ್ತುವವರಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. "ಫೋನ್ ಗಂಟಿನಾಗ ಇಟ್ಟಿರ್ತಾನ್ರೀ, ಗಾಡಿ ಹೊಡಿಯೋವಾಗ ಮಾತಾಡೂದಿಲ್ಲ ಅವ" ಎಂದಳು ಆಕೆ. ಎಂಥ ಶಿಸ್ತಿನ ಮನುಷ್ಯ! ಅವನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದ. ಘಾಟಿಗೆ ಮೊದಲು ಬ್ರೇಕ್ ನೋಡಿಸಿದ, ಹಳೆಯ ಮಾದರಿ ತಂದ, ಅಸಲಿ ಮಾಲು ಸಿಗುವ ಅಂಗಡಿಗೆ ಬಂದ, ಫೋನನ್ನು ದೂರ ಇಟ್ಟ. ಈ ಇಡೀ ಸರಪಳಿಯಲ್ಲಿ ಸಡಿಲವಾಗಿದ್ದ ಕೊಂಡಿ ನಾನೊಬ್ಬನೇ.

ಅಜೆಕಾರಿನ ರಸ್ತೆ ಹಿಡಿದೆ. ಐವತ್ತೆಂಟು ವರ್ಷದವನು ಸ್ಕೂಟರನ್ನು ಹಾಗೆ ಓಡಿಸಬಾರದು, ನಾನು ಓಡಿಸಿದೆ. ಪ್ರತಿ ತಿರುವಿನಲ್ಲೂ ಆಚೆ ಏನು ಕಾಣಬೇಕಾಗುತ್ತದೋ ಎಂದು ಕತ್ತು ಚಾಚುತ್ತಿದ್ದೆ. ಜನ ಗುಂಪು ಸೇರಿದ್ದಾರೆಯೇ ಎಂದು ದೂರದಿಂದಲೇ ಹುಡುಕುತ್ತಿದ್ದೆ. ಒಂದು ಕಡೆ ನಿಜವಾಗಿಯೂ ಗುಂಪು ಇತ್ತು. ಸ್ಕೂಟರನ್ನು ನಿಧಾನ ಮಾಡಿದೆ. ಹತ್ತಿರ ಹೋದರೆ ಮೀನಿನ ಟೆಂಪೋ, ಬಂಗುಡೆ ವ್ಯಾಪಾರ.

ಅಜೆಕಾರು ಪೇಟೆಗೆ ಸ್ವಲ್ಪ ಮೊದಲು, ಒಂದು ಹಲಸಿನ ಮರದ ಕೆಳಗೆ ಗಾಡಿ ನಿಂತಿತ್ತು. ಕ್ಯಾರಿಯರಿನ ಮೇಲೆ ನೀಲಿ ಟಾರ್ಪಾಲು, ಅದರ ಹಗ್ಗ ಸಡಿಲಾಗಿ ಒಂದು ಗಂಟು ಜಾರಿತ್ತು. ನನ್ನ ಗಿರಾಕಿ ಮೇಲೆ ಹತ್ತಿ ಹಗ್ಗ ಬಿಗಿಯುತ್ತಿದ್ದ. ಕೆಳಗೆ ಅವನ ಹೆಂಡತಿ, ಅವನ ಭಾವ, ಭಾವನ ಹೆಂಡತಿ. ಒಳಗಿನ ಕಿಟಕಿಗಳಲ್ಲಿ ಮಕ್ಕಳ ತಲೆಗಳು ಕಂಡವು. ಆ ಗಳಿಗೆಯಲ್ಲಿ ನನಗಾದ ಸಮಾಧಾನವನ್ನು ನಾನು ಬೇರೆ ಯಾವಾಗಲೂ ಅನುಭವಿಸಿಲ್ಲ. ಮಗಳು ಹುಟ್ಟಿದ ಸುದ್ದಿ ಮಸ್ಕತ್ತಿಗೆ ಫೋನಿನಲ್ಲಿ ಬಂದಾಗಲೂ ಇಷ್ಟು ಆಗಿರಲಿಲ್ಲ. ಸ್ಕೂಟರಿಗೆ ಸ್ಟ್ಯಾಂಡ್ ಹಾಕಲೂ ಆಗದೆ ಮರಕ್ಕೆ ಒರಗಿಸಿಟ್ಟು ಅಲ್ಲೇ ನಿಂತುಬಿಟ್ಟೆ.

ಅವನು ಮೇಲಿನಿಂದಲೇ ಗುರುತು ಹಿಡಿದ. "ಅಣ್ಣಾರ! ನೀವೇನ್ರೀ ಇಲ್ಲಿ?"

ತಯಾರು ಮಾಡಿದ ಸುಳ್ಳು ಬಾಯಿಯವರೆಗೆ ಬಂದಿತ್ತು. ಕಂಪನಿಯವರು ಎಂಬ ಶಬ್ದವನ್ನು ಹೇಳಿಯೂ ಆಗಿತ್ತು. ಅಷ್ಟರಲ್ಲಿ ಅವನು ಕೆಳಗಿಳಿದು ನನ್ನ ಮುಖ ನೋಡಿ, "ಕುಂಡ್ರಿ ಮೊದ್ಲ, ಭಾಳ ದಣಿದೀರಿ" ಎಂದು ಮೈಲಿಗಲ್ಲಿನ ಮೇಲಿನ ಧೂಳನ್ನು ತನ್ನ ಟವೆಲಿನಿಂದ ಒರೆಸಿದ. ನನಗೆ ಮುಂದೆ ಹೇಳಲಾಗಲಿಲ್ಲ.

"ನಾನು ತಪ್ಪು ಹೋಸ್ ಕೊಟ್ಟಿದ್ದೇನೆ" ಎಂದೆ. "ಗಿಡ್ಡ ಉಂಟು. ಘಾಟಿಯಲ್ಲಿ ತಿರುಗಿಸುವಾಗ ಹರಿದುಹೋಗ್ತದೆ. ನೀವು ಹಳೆಯದನ್ನು ಎದುರಿಗೆ ಇಟ್ಟಿದ್ದಿರಿ, ನಾನು ಬಿಚ್ಚಿ ನೋಡಲಿಲ್ಲ. ಕಂಪನಿಯದ್ದು ತಪ್ಪಿಲ್ಲ, ಮೆಕ್ಯಾನಿಕ್‌ನದ್ದೂ ಇಲ್ಲ. ನನ್ನದೇ."

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ನಿಧಾನವಾಗಿ, "ನೀವು ನೋಡಲಾರ್ದನ ಅಷ್ಟುದ್ದ ನಂಬರ್ ಹೇಳಿದ್ರಿ. ಅದಕ್ಕ ನಾ ನಂಬಿದ್ನಿರೀ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

ಸಿಟ್ಟು ಬಂದದ್ದು ಅವನ ಹೆಂಡತಿಗೆ. "ಒಳಗ ನಾಕು ಮಕ್ಕಳದಾವ್ರೀ" ಎಂದಳು. "ಒಂದ್ ಕಾಗದ ಬಿಚ್ಚಿ ನೋಡಾಕ ಏನಾಗಿತ್ರೀ ನಿಮಗ? ದೊಡ್ಡ ಮನಷ್ಯಾರು ನೀವು, ಅಂಗಡಿ ಇಟ್ಟೀರಿ!" ಗಂಡ ಸುಮ್ಮನಿರು ಎಂದ. ಅವಳು ಸುಮ್ಮನಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ. ಆಮೇಲೆ ಮಕ್ಕಳನ್ನೆಲ್ಲ ಗಾಡಿಯಿಂದ ಇಳಿಸಿ, ರಸ್ತೆಯಿಂದ ದೂರ ಕರೆದುಕೊಂಡು ಹೋಗಿ, ನನಗೆ ಬೆನ್ನು ಹಾಕಿ ಕುಳಿತಳು.

ಜಾಕ್ ಕೊಟ್ಟು ಚಕ್ರ ಬಿಚ್ಚಿದೆವು. ಹೋಸ್ ಹಾಗೇ ಇತ್ತು, ಹರಿದಿರಲಿಲ್ಲ. ಆದರೆ ಬುಡದ ಕಬ್ಬಿಣದ ಹತ್ತಿರ ರಬ್ಬರು ಎಳೆದು ಬೆಳ್ಳಗಾಗಿ ಕೂದಲೆಳೆಯಷ್ಟು ಸೀಳು ಬಂದಿತ್ತು. ಆನೆಕೆರೆಯಲ್ಲಿ ಮೂರು ಸಲ ತಿರುಗಿಸಿದ್ದಕ್ಕೆ ಇಷ್ಟು. ಆಗುಂಬೆಯಲ್ಲಿ ಎಷ್ಟನೆಯ ತಿರುವಿನವರೆಗೆ ತಡೆಯುತ್ತಿತ್ತೋ. ನಾನು ಅದನ್ನು ಅವನಿಗೆ ತೋರಿಸಿದೆ. ತೋರಿಸದೆ ಕಿಸೆಗೆ ಹಾಕಿಕೊಳ್ಳಬಹುದಿತ್ತು, ಅಷ್ಟು ಆದಮೇಲೆ ಇನ್ನೆಂತ ಮುಚ್ಚುವುದು. ಅವನು ಬೆರಳಿನಿಂದ ಆ ಸೀಳನ್ನು ಸವರಿ, ಹೆಂಡತಿ ಕುಳಿತ ಕಡೆಗೊಮ್ಮೆ ನೋಡಿ, ಅವಳಿಗೆ ತೋರಿಸಬೇಡಿ ಎಂಬಂತೆ ಕಣ್ಣಿನಲ್ಲೇ ಹೇಳಿದ.

ಉದ್ದದ ಹೋಸ್ ಹಾಕಿದೆ. ಕೊಳವೆಯೊಳಗೆ ಹೊಕ್ಕ ಗಾಳಿ ತೆಗೆಯಬೇಕಲ್ಲ, ಅವನು ಸೀಟಿನಲ್ಲಿ ಕುಳಿತು ಬ್ರೇಕ್ ಒತ್ತಿದ, ನಾನು ಕೆಳಗೆ ಮಲಗಿ ತಿರುಪು ಸಡಿಲಿಸಿದೆ. ಒತ್ತಿ, ಹಿಡಿಯಿರಿ, ಬಿಡಿ. ಒತ್ತಿ, ಹಿಡಿಯಿರಿ, ಬಿಡಿ. ಗುಳ್ಳೆ ನಿಂತು ಎಣ್ಣೆ ಮಾತ್ರ ಬರುವವರೆಗೆ. ಎಷ್ಟೋ ವರ್ಷಗಳ ಮೇಲೆ ನನ್ನ ಕೈ ಗ್ರೀಸ್ ಕಂಡಿತ್ತು. ಆಮೇಲೆ ಸ್ಟಿಯರಿಂಗನ್ನು ಎಡಕ್ಕೆ ಪೂರ್ತಿ ತಿರುಗಿಸಲು ಹೇಳಿ ನೋಡಿದೆ, ಬಲಕ್ಕೆ ತಿರುಗಿಸಲು ಹೇಳಿ ನೋಡಿದೆ. ಹೋಸ್ ಸಡಿಲವಾಗಿ ಬಾಗಿ ಬರುತ್ತಿತ್ತು. ಇನ್ನೊಮ್ಮೆ ತಿರುಗಿಸಿ ಎಂದೆ. ಹತ್ತು ಸಲ ತಿರುಗಿಸಿರಬೇಕು. "ಸಾಕ್ರೀ ಅಣ್ಣಾರ" ಎಂದು ಅವನು ನಕ್ಕ. ಇನ್ನೊಂದು ಬದಿಯ ಚಕ್ರವನ್ನೂ ಬಿಚ್ಚಿಸಿ ಅಲ್ಲಿಯ ಹಳೆಯ ಹೋಸ್ ಗಟ್ಟಿಯಿದೆಯೆಂದು ನೋಡಿದ ಮೇಲೆಯೇ ನಾನು ಎದ್ದದ್ದು.

ಹೊರಡುವಾಗ ಅವನು ಕೈ ಮುಗಿದ. ನಾನೂ ಮುಗಿದೆ. ಹೆಂಡತಿ ನನ್ನನ್ನು ನೋಡದೆ ಗಾಡಿ ಹತ್ತಿ ಬಾಗಿಲು ಎಳೆದುಕೊಂಡಳು. ಮೇಲೆ ಹೋಗಿ ಮುಟ್ಟಿದ ಕೂಡಲೇ ಒಂದು ಫೋನ್ ಮಾಡಿ ಎಂದು ಕಿಟಕಿಯ ಹತ್ತಿರ ಹೋಗಿ ಬೇಡಿಕೊಂಡೆ.

ಉಡುಪಿಗೆ ಹೇಗೆ ಬಂದೆನೋ ಸರಿಯಾಗಿ ನೆನಪಿಲ್ಲ. ಅಂಗಡಿಗೆ ಬೀಗ ಹಾಕಿರಲಿಲ್ಲ, ಶಟರ್ ಮಾತ್ರ ಎಳೆದಿತ್ತು, ಯಾರೂ ಏನೂ ಮುಟ್ಟಿರಲಿಲ್ಲ. ಒಂದು ನೋಟ್‌ಬುಕ್ ತೆಗೆದು ಮೊದಲ ಪುಟದಲ್ಲಿ ಗೆರೆ ಹಾಕಿದೆ: ಗಿರಾಕಿಯ ಹೆಸರು, ಫೋನ್, ಚಾಸಿಸ್ ನಂಬರ್. ಅಂದಿನಿಂದ ಅದನ್ನು ಕೇಳದೆ ನಾನು ಒಂದು ಬಲ್ಬನ್ನೂ ಕೊಟ್ಟಿಲ್ಲ. ಬಲ್ಬಿಗೆ ಯಾಕೆ ಚಾಸಿಸ್ ನಂಬರ್ ಎಂದು ರೇಗುವವರಿದ್ದಾರೆ. ರೇಗಲಿ. ಹಳೆಯ ಮಾಲು ತಂದರೆ ಬಿಚ್ಚಿ ಅಳೆದು ನೋಡುತ್ತೇನೆ, ಪುಸ್ತಕವನ್ನೂ ತೆರೆಯುತ್ತೇನೆ. ಈಗ ಯಾರೂ ಹುಬ್ಬೇರಿಸುವುದಿಲ್ಲ. ಇವನಿಗೆ ಅರವತ್ತಾಗುತ್ತ ಬಂತು, ನೆನಪು ಕಡಿಮೆಯಾಗಿದೆ ಎಂದುಕೊಂಡಿರಬೇಕು.

ಆ ದಿನ ಮಾತ್ರ ನೋಟ್‌ಬುಕ್ಕಿಗೆ ಗೆರೆ ಹಾಕಿದ ಮೇಲೆ ಬೇರೆ ಕೆಲಸ ಮಾಡಲಾಗಲಿಲ್ಲ. ಇಬ್ಬರು ಗಿರಾಕಿಗಳನ್ನು ನಾಳೆ ಬನ್ನಿ ಎಂದು ಕಳುಹಿಸಿದೆ. ಹೆಬ್ರಿ ದಾಟಿರಬಹುದು, ಸೋಮೇಶ್ವರ ದಾಟಿರಬಹುದು, ಈಗ ಮೊದಲ ತಿರುವು ಎಂದು ಗಡಿಯಾರ ನೋಡುತ್ತ ಸ್ಟೂಲಿನ ಮೇಲೆ ಕುಳಿತಿದ್ದೆ. ಫೋನನ್ನು ಎರಡು ಸಲ ಎತ್ತಿ ಚಾರ್ಜ್ ಇದೆಯೇ ಎಂದು ನೋಡಿದೆ.

ಮೂರೂ ಮುಕ್ಕಾಲಿಗೆ ರಿಂಗಾಯಿತು.

"ಅಣ್ಣಾರ, ಆಗುಂಬಿ ಮ್ಯಾಲ ಬಂದ್ವಿ ರೀ. ಏನೂ ತ್ರಾಸಾಗ್ಲಿಲ್ಲ. ಬ್ರೇಕ್ ಭಾಳ ಚಲೋ ಹಿಡೀತಾವು."

ಒಳ್ಳೆಯದಾಯಿತು ಎಂದೆ. ಅದನ್ನೇ ಮೂರು ಸಲ ಹೇಳಿದೆ ಎಂದು ಕಾಣುತ್ತದೆ. ಅವನು ಇನ್ನೇನು ಫೋನ್ ಇಡುವವನಿದ್ದ, ಅಷ್ಟರಲ್ಲಿ, "ಒಂದ್ ನಿಮಿಷ ಇರ್ರಿ, ನಮ್ಮಾಕಿ ಏನೋ ಕೇಳಾಕತ್ತಾಳ" ಎಂದ. ಇನ್ನೂ ಬೈಯುವುದು ಬಾಕಿ ಇದೆ ಎಂದುಕೊಂಡೆ. ಬೈಯಲಿ ಎಂದು ಕಿವಿಗೆ ಒತ್ತಿ ಹಿಡಿದೆ.

ಫೋನಿನಲ್ಲಿ ಅವಳದೇ ದನಿ ಬಂತು. "ಹೊತ್ತು ಇಳೀತು. ನೀವು ಊಟಾ ಮಾಡೀರೋ ಇಲ್ಲೋ?"

"ಇಲ್ಲ" ಎಂದೆ.

"ಹೋಗಿ ಮಾಡ್ರಿ ಮತ್ತ" ಎಂದಳು. ಫೋನ್ ಇಟ್ಟಳು.

ಅರ್ಧ ಶಟರ್ ಎಳೆದೆ. ಕೌಂಟರಿನ ಹಿಂದೆ, ಹೊರಗಿನವರಿಗೆ ಕಾಣದ ಹಾಗೆ ನೆಲದ ಮೇಲೆ ಕುಳಿತು ಚೆನ್ನಾಗಿ ಅತ್ತುಬಿಟ್ಟೆ. ಆಮೇಲೆ ಕೈಯ ಗ್ರೀಸ್ ತೊಳೆದುಕೊಂಡು ಊಟಕ್ಕೆ ಹೋದೆ.